ಮುಚ್ಚಳ ತೆಗೆಯುವವರು ಯಾರು?

ಈ ಸಲದ ವಿಷಯ ಕೇಳಿ ಕೆಲವರು ಮೂಗು ಮುಚ್ಚಿಕೊಳ್ಳಬಹುದು. ಊಟ ಮಾಡ್ತಾ ಪಾಡ್‌ಕಾಸ್ಟ್ ಕೇಳುವವರು ಊಟ ಮುಗಿಸಿಕೊಂಡು ಬನ್ನಿ, ಪರವಾಗಿಲ್ಲ. ಇವತ್ತಿನ ಮಾತು ಒಳಚರಂಡಿಯ ಬಗ್ಗೆ. ಅಂದರೆ ನಮ್ಮ ಅಡುಗೆಮನೆಯ ಸಿಂಕ್, ಬಚ್ಚಲು, ಕಕ್ಕಸುಗಳಿಂದ ಹೊರಟ ನೀರು ನೆಲದಡಿ ಹರಿದುಹೋಗುವ ಕೊಳವೆಗಳ ಬಗ್ಗೆ, ಮತ್ತು ಆ ಕೊಳವೆಗೆ ಏನು ಬಿಡಬಹುದು, ಏನು ಬಿಡಬಾರದು ಅಂತ ಪ್ರತಿಯೊಂದು ಊರೂ ಮಾಡಿಕೊಂಡಿರುವ ನಿಯಮಗಳ ಬಗ್ಗೆ.

ಇದರಲ್ಲಿ ತತ್ವಶಾಸ್ತ್ರ ಎಲ್ಲಿಂದ ಬಂತು ಅಂತ ಕೇಳಬಹುದು. ಪ್ರಶ್ನೆ ಇಷ್ಟೇ: ನಾನು ಮಾಡುವ ಒಂದು ಕೆಲಸ ಯಾರಿಗೂ ಕಾಣಲ್ಲ. ಅದರಿಂದ ಆಗುವ ಹಾನಿ ಅಳೆಯಲಾಗದಷ್ಟು ಸಣ್ಣದು. ಹಾನಿ ಯಾರಿಗೆ ತಟ್ಟುತ್ತದೋ ಆ ಮನುಷ್ಯನನ್ನು ನಾನು ಎಂದೂ ನೋಡುವುದಿಲ್ಲ. ಹಾಗಿರುವಾಗ ಆ ಕೆಲಸ ತಪ್ಪಾ? ತಪ್ಪೇ ಆದರೆ, ತಡೆಯಬೇಕಾದದ್ದು ನನ್ನ ಮನಸ್ಸಾಕ್ಷಿಯಾ, ಊರಿನ ನಿಯಮವಾ? ಈ ಪ್ರಶ್ನೆಗೆ ಉದಾಹರಣೆಯಾಗಿ ಅಡುಗೆಮನೆಯ ಸಿಂಕ್‌ಗಿಂತ ಹತ್ತಿರದ್ದು ನನಗೆ ಸಿಕ್ಕಿಲ್ಲ. ಅದು ಎಲ್ಲರ ಮನೆಯಲ್ಲೂ ಇದೆ, ದಿನಕ್ಕೆ ಹತ್ತು ಸಲ ಅದರ ಮುಂದೆ ನಿಲ್ಲುತ್ತೇವೆ.

ಬಚ್ಚಲ ನೀರು, ಬಾಳೆ ಗಿಡ

ಇಲ್ಲೇ ಹುಟ್ಟಿ ಬೆಳೆದವರಿಗಾಗಿ ಒಂದು ಪದದಿಂದ ಶುರು ಮಾಡ್ತೀನಿ: ಬಚ್ಚಲು. ಸ್ನಾನ ಮಾಡುವ, ಕೈಕಾಲು ತೊಳೆಯುವ ಜಾಗ. ನಮ್ಮ ಅಜ್ಜಿಯ ಮನೆಯಂಥ ಮಲೆನಾಡಿನ ಹಳೇ ಮನೆಗಳಲ್ಲಿ ಬಚ್ಚಲಿನ ನೀರು ಗೋಡೆಯ ತೂತಿನಿಂದ ಹೊರಗೆ ಬಂದು ಹಿತ್ತಲಿಗೆ ಹರಿಯುತ್ತಿತ್ತು. ಅಲ್ಲಿ ನಾಲ್ಕು ಬಾಳೆ ಗಿಡ, ಒಂದಿಷ್ಟು ಕೆಸುವು, ಆಚೆಗೊಂದು ತೆಂಗಿನ ಮರ. ಪಾತ್ರೆ ತೊಳೆದ ನೀರಿಗೆ ಮುಸುರೆ ಅಂತ ಬೇರೆ ಹೆಸರಿತ್ತು, ಅನ್ನದ ಅಗುಳು ಇದ್ದರೆ ಅದು ದನಕ್ಕೆ ಹೋಗುತ್ತಿತ್ತು. ಇಲ್ಲಿ ನೀವು ಬಿಟ್ಟ ನೀರಿನ ಫಲ ನಿಮ್ಮ ಕಣ್ಣೆದುರೇ ಇರುತ್ತದೆ. ವಿಷ ಸುರಿದರೆ ಸಾಯೋದು ನಿಮ್ಮದೇ ಬಾಳೆ. ಹೀಗಾಗಿ ನಿಯಮದ ಪುಸ್ತಕ ಯಾರಿಗೂ ಬೇಕಾಗಿರಲಿಲ್ಲ.

ಇದನ್ನು ಕೇಳಿ ಹಳೇ ಕಾಲವೇ ಚೆನ್ನಾಗಿತ್ತು ಅನ್ನುವ ನಿರ್ಧಾರಕ್ಕೆ ಬರಬೇಡಿ. ಬಚ್ಚಲ ನೀರಿಗೆ ಬಾಳೆ ಗಿಡ ಇತ್ತು, ಸರಿ. ಆದರೆ ಪೇಟೆಗಳಲ್ಲಿ ಕಕ್ಕಸಿನ ಮಲವನ್ನು ಮನುಷ್ಯರೇ ಹೊರುತ್ತಿದ್ದರು. ಅದನ್ನು ಯಾರು ಹೊರಬೇಕು ಅಂತ ಜಾತಿ ನಿರ್ಧರಿಸುತ್ತಿತ್ತು. ಅವರು ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದಲೇ ಹೋಗುತ್ತಿದ್ದರು. ಮುಂಬಾಗಿಲಿನಲ್ಲಿ ರಂಗೋಲಿ, ಒಳಗೆ ಮಡಿ, ಎಲ್ಲವೂ ಶುಚಿ.

ಶುಚಿ ಮಾಡುವುದು ಅಂದರೆ ಕೊಳೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ನೆಲ ಒರೆಸಿದರೆ ಕೊಳೆ ಬಟ್ಟೆಗೆ ಹೋಗುತ್ತದೆ, ಬಟ್ಟೆ ಹಿಂಡಿದರೆ ನೀರಿಗೆ, ನೀರು ಚೆಲ್ಲಿದರೆ ಇನ್ನೆಲ್ಲಿಗೋ. ಮಡಿ ಅನ್ನುವ ನಮ್ಮ ಕಲ್ಪನೆ ನನ್ನ ಮೈ, ನನ್ನ ಬಟ್ಟೆ, ನನ್ನ ಅಡುಗೆಮನೆಗೆ ಸಂಬಂಧಪಟ್ಟದ್ದು. ಆ 'ಇನ್ನೆಲ್ಲಿಗೋ' ಅನ್ನುವ ಜಾಗದ ಬಗ್ಗೆ ಅದು ಏನೂ ಹೇಳುವುದಿಲ್ಲ. ಒಳಚರಂಡಿ ನಿಯಮದ ವಿಷಯವೇ ಆ ಜಾಗ.

ಲೂಯಿವಿಲ್‌ನ ಎರಡು ಘಟನೆಗಳು

ನಾನಿರುವ ಊರು ಕೆಂಟಕಿಯ ಲೂಯಿವಿಲ್, ಒಹಾಯೋ ನದಿಯ ದಡದಲ್ಲಿದೆ. ಇಲ್ಲಿನ ಒಳಚರಂಡಿಯನ್ನು ನೋಡಿಕೊಳ್ಳುವುದು ಮೆಟ್ರೋಪಾಲಿಟನ್ ಸೂವರ್ ಡಿಸ್ಟ್ರಿಕ್ಟ್ ಅನ್ನುವ ಸ್ಥಳೀಯ ಸಂಸ್ಥೆ. ಎಲ್ಲರೂ ಎಂಎಸ್‌ಡಿ ಅಂತ ಕರೀತಾರೆ. ಈ ಊರಿನ ಚರಂಡಿ ಚರಿತ್ರೆಯಲ್ಲಿ ನಾಲ್ಕು ವರ್ಷಗಳ ಅಂತರದಲ್ಲಿ ಎರಡು ದೊಡ್ಡ ಅನಾಹುತಗಳು ನಡೆದವು.

ಮೊದಲನೆಯದು 1977ರ ಮಾರ್ಚ್‌ನಲ್ಲಿ. ಕೀಟನಾಶಕ ತಯಾರಿಕೆಗೆ ಸಂಬಂಧಿಸಿದ ವಿಷಕಾರಿ ರಾಸಾಯನಿಕಗಳನ್ನು ಯಾರೋ ಚರಂಡಿಗೆ ಸುರಿದರು. ಅದು ಕೊಳವೆಗಳಲ್ಲಿ ಹರಿದು ಮೋರಿಸ್ ಫೋರ್‌ಮನ್ ಶುದ್ಧೀಕರಣ ಘಟಕಕ್ಕೆ ಬಂತು. ಅಲ್ಲಿ ಕೆಲಸ ಮಾಡುತ್ತಿದ್ದವರಿಗೆ ಕಣ್ಣುರಿ, ಗಂಟಲುರಿ, ತಲೆನೋವು ಶುರುವಾಯಿತು. ಘಟಕವನ್ನು ಮುಚ್ಚಬೇಕಾಯಿತು. ಅದು ಮುಚ್ಚಿದ್ದ ವಾರಗಳಲ್ಲಿ ಊರಿನ ಕೊಳಚೆ ನೀರು, ದಿನಕ್ಕೆ ಸುಮಾರು 100 ಮಿಲಿಯನ್ ಗ್ಯಾಲನ್, ಅಂದರೆ ಹತ್ತಿರ ಹತ್ತಿರ 38 ಕೋಟಿ ಲೀಟರ್, ಶುದ್ಧೀಕರಣವಾಗದೆ ನೇರವಾಗಿ ಒಹಾಯೋ ನದಿಗೆ ಹೋಯಿತು. ಕೊನೆಗೆ ತ್ಯಾಜ್ಯ ವಿಲೇವಾರಿ ಮಾಡುವ ಒಬ್ಬ ಉದ್ಯಮಿಯ ಮೇಲೆ ಅಪರಾಧ ಸಾಬೀತಾಗಿ ಜೈಲು ಶಿಕ್ಷೆಯಾಯಿತು.

ಎರಡನೆಯದು 1981ರ ಫೆಬ್ರವರಿ 13ರ ಬೆಳಗಿನ ಜಾವ. ರಾಲ್‌ಸ್ಟನ್ ಪ್ಯೂರಿನಾ ಕಂಪನಿಯ ಸೋಯಾಬೀನ್ ಕಾರ್ಖಾನೆಯಿಂದ ಹೆಕ್ಸೇನ್ ಅನ್ನುವ ದ್ರಾವಕ ಚರಂಡಿಗೆ ಸೇರಿತ್ತು. ಸೋಯಾದಿಂದ ಎಣ್ಣೆ ತೆಗೆಯಲು ಅದನ್ನು ಬಳಸುತ್ತಾರೆ. ಅದರ ಆವಿ ಗಾಳಿಗಿಂತ ಭಾರ, ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಕೆಲಸಕ್ಕೆ ಹೊರಟಿದ್ದ ಇಬ್ಬರು ಹೆಂಗಸರ ಕಾರು ಆ ರಸ್ತೆಯಲ್ಲಿ ಹಾದಾಗ ಒಂದು ಕಿಡಿ ಸಾಕಾಯಿತು. ಸುಮಾರು ಎರಡು ಮೈಲಿ ಉದ್ದಕ್ಕೆ ರಸ್ತೆ ಸಿಡಿದು ಕಂದಕವಾಯಿತು, ಮ್ಯಾನ್‌ಹೋಲ್ ಮುಚ್ಚಳಗಳು ಹಾರಿಹೋದವು. ನಾಲ್ಕು ಜನರಿಗೆ ಗಾಯವಾಯಿತು. ಯಾರೂ ಸಾಯಲಿಲ್ಲ, ಅದು ಆ ಹೊತ್ತಿನ ಪುಣ್ಯ. ಒಂದೆರಡು ಗಂಟೆ ತಡವಾಗಿದ್ದರೆ ಆ ರಸ್ತೆಗಳ ತುಂಬ ವಾಹನಗಳು ಇರುತ್ತಿದ್ದವು.

ಈಗ ನಿಯಮಕ್ಕೆ ಬರೋಣ. ಅಮೆರಿಕದಲ್ಲಿ 1972ರ ಕ್ಲೀನ್ ವಾಟರ್ ಆಕ್ಟ್ ಚೌಕಟ್ಟು ಹಾಕಿಕೊಟ್ಟಿತು. ಅದರಡಿಯಲ್ಲಿ ಊರಿನ ಚರಂಡಿಗೆ ಏನು ಬಿಡಬಾರದು ಅನ್ನುವ ಒಂದು ಸಾಮಾನ್ಯ ಪಟ್ಟಿ ಬಂತು. ದೊಡ್ಡ ಘಟಕ ಇರುವ ಊರುಗಳು ಅದನ್ನು ತಮ್ಮ ಸ್ಥಳೀಯ ನಿಯಮಾವಳಿಯಲ್ಲಿ ಸೇರಿಸಿ ಜಾರಿಗೆ ತರಬೇಕು. ಪಟ್ಟಿ ಹೆಚ್ಚು ಕಡಿಮೆ ಹೀಗಿದೆ: ಬೆಂಕಿ ಹತ್ತುವ, ಸಿಡಿಯುವ ವಸ್ತು ಬಿಡಬಾರದು. ಪಿಹೆಚ್ 5ಕ್ಕಿಂತ ಕಡಿಮೆ ಇರುವ ಆಮ್ಲ ಬಿಡಬಾರದು, ಕೊಳವೆ ತಿಂದುಹಾಕುತ್ತದೆ. ಹರಿವು ಕಟ್ಟುವಂಥ ಗಟ್ಟಿ ಅಥವಾ ಅಂಟು ಪದಾರ್ಥ ಬಿಡಬಾರದು. ಘಟಕಕ್ಕೆ ತಲುಪುವಾಗ ನೀರು 40 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಬಿಸಿ ಬಿಡಬಾರದು, ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಸತ್ತುಹೋಗುತ್ತವೆ. ಇದೆಲ್ಲ ಎಂಜಿನಿಯರ್ ಭಾಷೆ.

ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ಅದರ ಸಾರಾಂಶ ನನ್ನ ಮಾತಿನಲ್ಲಿ: ಕೆಲಸಗಾರರ ಆರೋಗ್ಯಕ್ಕೆ, ಸುರಕ್ಷತೆಗೆ ಕೂಡಲೇ ಅಪಾಯ ತರುವಷ್ಟು ವಿಷಗಾಳಿ ಹುಟ್ಟಿಸುವ ಯಾವುದನ್ನೂ ಬಿಡಬಾರದು. ಬೇರೆ ಸಾಲುಗಳೆಲ್ಲ ಕೊಳವೆ, ಘಟಕ, ಸೂಕ್ಷ್ಮಜೀವಿಗಳ ಬಗ್ಗೆ ಮಾತಾಡುತ್ತವೆ. ಈ ಒಂದು ಸಾಲಿನಲ್ಲಿ ಮನುಷ್ಯ ಇದ್ದಾನೆ. ಕೊಳವೆಯ ಆ ತುದಿಯಲ್ಲಿ ಒಬ್ಬರು ಉಸಿರಾಡುತ್ತಿದ್ದಾರೆ ಅನ್ನುವುದು ಕಾನೂನಿಗೆ ನೆನಪಿದೆ. 1977ರಲ್ಲಿ ಕಣ್ಣುರಿಯಿಂದ ಹೊರಗೆ ಓಡಿ ಬಂದವರನ್ನು ನೆನೆಸಿಕೊಂಡು ಓದಿದರೆ ಆ ಒಣ ವಾಕ್ಯ ಬೇರೆ ಥರ ಕೇಳಿಸುತ್ತದೆ.

ಒಂದು ಚೊಂಬು ನೀರು

ಕಾರ್ಖಾನೆ ಮಾಡಿದ್ದು ಸರಿ, ನಮ್ಮ ಮನೆ ಸಿಂಕ್‌ಗೂ ಅದಕ್ಕೂ ಏನು ಸಂಬಂಧ? ಇದು ನ್ಯಾಯವಾದ ಪ್ರಶ್ನೆ. ಹೆಕ್ಸೇನ್ ಟ್ಯಾಂಕಿಗೂ ಹಬ್ಬದ ದಿನ ಚಕ್ಕುಲಿ ಕರಿದು ಉಳಿದ ಅರ್ಧ ಬಾಣಲೆ ಎಣ್ಣೆಗೂ ಹೋಲಿಕೆ ಮಾಡಿದರೆ ಅತಿಯಾಯಿತು ಅನ್ನಿಸುತ್ತೆ.

ಇಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಕಥೆ ನೆನಪು ಮಾಡಿಕೊಳ್ಳೋಣ. ರಾಜ ಒಂದು ಕೊಳ ಕಟ್ಟಿಸಿ, ರಾತ್ರಿ ಪ್ರತಿಯೊಬ್ಬರೂ ಒಂದೊಂದು ಚೊಂಬು ಹಾಲು ತಂದು ಸುರಿಯಬೇಕು ಅಂತ ಡಂಗುರ ಹೊಡೆಸುತ್ತಾನೆ. ಇಷ್ಟು ಹಾಲಿನಲ್ಲಿ ನನ್ನ ಒಂದು ಚೊಂಬು ನೀರು ಯಾರಿಗೆ ಗೊತ್ತಾಗುತ್ತೆ ಅಂತ ಪ್ರತಿಯೊಬ್ಬನೂ ಯೋಚಿಸುತ್ತಾನೆ. ಬೆಳಗ್ಗೆ ನೋಡಿದರೆ ಕೊಳದ ತುಂಬ ಬರೀ ನೀರು.

ನನ್ನ ಉದ್ಯೋಗ ದತ್ತಾಂಶ ವಿಶ್ಲೇಷಣೆ. ಆ ಭಾಷೆಯಲ್ಲಿ ಹೇಳೋದಾದರೆ, ಒಂದು ಚೊಂಬಿನ ಪರಿಣಾಮವನ್ನು ಯಾವ ಮಾದರಿಯಿಂದಲೂ ಕಂಡುಹಿಡಿಯಲು ಆಗಲ್ಲ, ಅದು ಗದ್ದಲದಲ್ಲಿ ಮುಳುಗಿಹೋಗುತ್ತದೆ. ಆದರೆ ಕಂಡುಹಿಡಿಯಲಾಗದ ಸಂಖ್ಯೆ ಸೊನ್ನೆಯಲ್ಲ. ಇವೆರಡನ್ನೂ ಒಂದೇ ಅಂದುಕೊಳ್ಳುವುದು ಲೆಕ್ಕದ ತಪ್ಪು. ಕಥೆಯ ಜನ ಮಾಡಿದ್ದೂ ಇದೇ ತಪ್ಪು.

ಎಣ್ಣೆಯ ವಿಷಯದಲ್ಲಿ ಇದು ಕಣ್ಣಾರೆ ಕಂಡಿದೆ. ಬಿಸಿ ಎಣ್ಣೆ ಸಿಂಕ್‌ನಲ್ಲಿ ಸರಾಗವಾಗಿ ಇಳಿಯುತ್ತದೆ, ಸೋಪು ಬಿಸಿನೀರು ಬಿಟ್ಟರೆ ನಮ್ಮ ಮನೆಯ ಕೊಳವೆ ದಾಟಿಯೂ ಹೋಗುತ್ತದೆ. ರಸ್ತೆಯಡಿಯ ತಣ್ಣನೆ ಕೊಳವೆಗೆ ಹೋದಮೇಲೆ ಗಟ್ಟಿಯಾಗುತ್ತದೆ, ನೀರಿನಲ್ಲಿರುವ ಸುಣ್ಣದಂಶದ ಜೊತೆ ಸೇರಿ ಸಾಬೂನಿನಂಥ ಗಡ್ಡೆಯಾಗುತ್ತದೆ, ಅದಕ್ಕೆ ಒರೆಸುವ ಕಾಗದಗಳು ಅಂಟಿಕೊಳ್ಳುತ್ತವೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ರಸ್ತೆಯಡಿ ಸಿಕ್ಕಿದ ಇಂಥ ಗಡ್ಡೆ 250 ಮೀಟರ್ ಉದ್ದ, ಸುಮಾರು 130 ಟನ್ ತೂಕ ಇತ್ತು. ಅದನ್ನು ಒಡೆದು ತೆಗೆಯಲು ವಾರಗಟ್ಟಲೆ ಬೇಕಾಯಿತು. ಅದರ ಒಂದು ತುಂಡನ್ನು ಮ್ಯೂಸಿಯಂ ಆಫ್ ಲಂಡನ್‌ನಲ್ಲಿ ಪ್ರದರ್ಶನಕ್ಕೂ ಇಟ್ಟಿದ್ದರು. ಆ 130 ಟನ್‌ನಲ್ಲಿ ಯಾರದ್ದು ಎಷ್ಟು ಚಮಚ ಅಂತ ಯಾವ ವಿಶ್ಲೇಷಕನೂ ಹೇಳಲಾರ.

ಹಾಲಿನ ಕೊಳದ ಕಥೆಗೂ ಚರಂಡಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಥೆಯಲ್ಲಿ ಬೆಳಗಾಗುತ್ತದೆ. ಎಲ್ಲರೂ ಕೊಳದ ಹತ್ತಿರ ಹೋಗಿ ತಾವು ಮಾಡಿದ್ದನ್ನು ನೋಡಿ ನಾಚಿಕೊಳ್ಳುತ್ತಾರೆ. ಚರಂಡಿಯಲ್ಲಿ ನಮಗೆ ಬೆಳಗಾಗುವುದೇ ಇಲ್ಲ. ಮುಚ್ಚಳ ಮುಚ್ಚಿರುತ್ತದೆ, ನಾವು ಅದರ ಮೇಲೆ ಕಾರು ಓಡಿಸಿಕೊಂಡು ಆಫೀಸಿಗೆ ಹೋಗುತ್ತೇವೆ. ಮುಚ್ಚಳ ತೆಗೆದು ಎಲ್ಲರ ಚೊಂಬುಗಳ ಮೊತ್ತವನ್ನು ನೋಡುವವರು ಬೇರೆ. ಸುರಿದವರಿಗೆ ಅದು ಕಾಣಲ್ಲ, ನೋಡಿದವರು ಸುರಿದವರಲ್ಲ.

ಚರಂಡಿಯಲ್ಲಿ ಎಲ್ಲರ ನೀರೂ ಬೆರೆತು ಗುರುತು ಅಳಿಸಿಹೋಗುವುದರಿಂದ ಒಳ್ಳೆಯದೂ ಆಗಿದೆ. ಕೋವಿಡ್ ಕಾಲದಲ್ಲಿ ಲೂಯಿವಿಲ್ ವಿಶ್ವವಿದ್ಯಾಲಯದ ಸಂಶೋಧಕರು ಊರಿನ ಚರಂಡಿ ನೀರಿನ ಮಾದರಿ ತೆಗೆದು ವೈರಸ್ ಎಷ್ಟಿದೆ ಅಂತ ನೋಡುತ್ತಿದ್ದರು. ಯಾರ ಮೂಗಿಗೂ ಕಡ್ಡಿ ಹಾಕದೆ, ಯಾರ ಹೆಸರೂ ಕೇಳದೆ, ಒಂದು ಬಡಾವಣೆಯ ಆರೋಗ್ಯ ಗೊತ್ತಾಗುತ್ತಿತ್ತು. ನನ್ನಂಥವರಿಗೆ ಇಂಥ ದತ್ತಾಂಶ ಅಂದರೆ ಇಷ್ಟ. ಆದರೆ ರೋಗಿಯ ಗುಟ್ಟನ್ನು ಕಾಪಾಡುವ ಆ ಬೆರಕೆಯೇ ಎಣ್ಣೆ ಸುರಿದವನ ಗುಟ್ಟನ್ನೂ ಕಾಪಾಡುತ್ತದೆ. ಮನೆಮನೆಯ ಕೊಳವೆಗೆ ಸೆನ್ಸರ್ ಹಾಕಿ ಯಾರು ಏನು ಬಿಟ್ಟರು ಅಂತ ನೋಡುವ ಊರಿನಲ್ಲಿ ಇರೋದಕ್ಕೆ ನನಗಂತೂ ಇಷ್ಟ ಇಲ್ಲ. ಹಾಗಾಗಿ ಚರಂಡಿ ನಿಯಮ ಕೊನೆಗೂ ನಿಂತಿರುವುದು ನಂಬಿಕೆಯ ಮೇಲೆ. ಕಾರ್ಖಾನೆಗೆ ತಪಾಸಣೆ ಇದೆ, ಹೋಟೆಲಿಗೆ ಜಿಡ್ಡು ಹಿಡಿಯುವ ತೊಟ್ಟಿ ಕಡ್ಡಾಯ ಇದೆ. ಮನೆಗೆ ಬಂದಾಗ ನಿಯಮ ಕೇಳಿಕೊಳ್ಳಬಲ್ಲದು ಅಷ್ಟೇ.

ನನ್ನ ಮನೆ, ನನ್ನ ಸಿಂಕ್

ಇದಕ್ಕೆ ಗಟ್ಟಿಯಾದ ಒಂದು ಆಕ್ಷೇಪಣೆ ಇದೆ. ಚರಂಡಿಯ ವಿಷಯದಲ್ಲಿ ಸರ್ಕಾರ ನಮ್ಮನ್ನು ಕೇಳುವುದೇ ಇಲ್ಲ. ಜರ್ಮನಿಯಲ್ಲಿರುವ ಕೇಳುಗರಿಗೆ 'ಅನ್‌ಶ್ಲುಸ್ ಉಂಡ್ ಬೆನುಟ್ಸುಂಗ್ಸ್‌ತ್ಸ್ವಾಂಗ್' ಅನ್ನುವ, ಬಾಯಿಗೆ ವ್ಯಾಯಾಮ ಕೊಡುವ ಪದ ಗೊತ್ತಿರಬಹುದು. ಊರಿನ ಚರಂಡಿಗೆ ನಿಮ್ಮ ಮನೆ ಸೇರಲೇಬೇಕು, ಅದನ್ನು ಬಳಸಲೇಬೇಕು ಅನ್ನುವ ಕಡ್ಡಾಯ ಅದು. ಅಮೆರಿಕದ ಅನೇಕ ಊರುಗಳಲ್ಲೂ ಕೊಳವೆ ಹತ್ತಿರದಲ್ಲಿದ್ದರೆ ಸೇರಬೇಕು ಅನ್ನುವ ನಿಯಮ ಇದೆ. ಕರೆಂಟು ಬೇಡ ಅಂದರೆ ಬಿಡಬಹುದು, ಇಂಟರ್ನೆಟ್ ಬೇಡ ಅಂದರೆ ಬಿಡಬಹುದು. ಚರಂಡಿ ಬೇಡ ಅನ್ನಲು ಆಗಲ್ಲ, ತಿಂಗಳ ಶುಲ್ಕವನ್ನೂ ತಪ್ಪಿಸಲು ಆಗಲ್ಲ. ಸ್ವಾತಂತ್ರ್ಯದ ಬಗ್ಗೆ ಗಂಭೀರವಾಗಿ ಯೋಚಿಸುವವರಿಗೆ ಇದು ಚುಚ್ಚಬೇಕು.

ನನ್ನ ಉತ್ತರ ಹೀಗಿದೆ. ಕರೆಂಟು ಬೇಡ ಅಂದರೆ ಕತ್ತಲಲ್ಲಿ ಕೂರುವವನು ನಾನು. ಚರಂಡಿ ಬೇಡ ಅಂದರೆ ನನ್ನ ಕೊಳಚೆ ಪಕ್ಕದ ಮನೆಯ ಬಾವಿಗೆ ಹೋಗುತ್ತದೆ. ಈ ಆಯ್ಕೆಯ ಬೆಲೆ ತೆರುವವರು ಬೇರೆ, ಅವರು ಒಪ್ಪಿಗೆ ಕೊಟ್ಟಿಲ್ಲ. ಕೊಳಚೆ ನೀರಿಗೆ ಕಾಂಪೌಂಡ್ ಗೋಡೆ ಗೊತ್ತಿಲ್ಲ, ಊರಿನ ಗಡಿಯೂ ಗೊತ್ತಿಲ್ಲ. ಲೂಯಿವಿಲ್ ಜನ ಕುಡಿಯುವ ನೀರು ಒಹಾಯೋ ನದಿಯದ್ದು. ಅದಕ್ಕೆ ಮೊದಲು ಆ ನದಿ ಪಿಟ್ಸ್‌ಬರ್ಗ್, ಸಿನ್ಸಿನಾಟಿ ದಾಟಿ ಬಂದಿರುತ್ತದೆ. ನಾವು ಬಿಟ್ಟದ್ದು ಮುಂದೆ ಎವನ್ಸ್‌ವಿಲ್‌ಗೆ ಹೋಗುತ್ತದೆ, ಕೊನೆಗೆ ಮಿಸಿಸಿಪಿ ಸೇರಿ ನ್ಯೂ ಆರ್ಲಿಯನ್ಸ್ ಕಡೆಗೆ. ನದಿ ದಡದ ಪ್ರತಿಯೊಂದು ಊರೂ ಯಾರದ್ದೋ ಕೆಳಗಿನ ಊರು, ಇನ್ಯಾರದ್ದೋ ಮೇಲಿನ ಊರು.

1948ರಲ್ಲಿ ಈ ನದಿ ಕಣಿವೆಯ ಎಂಟು ರಾಜ್ಯಗಳು ಸಿನ್ಸಿನಾಟಿಯಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿ, ನದಿಯ ಶುಚಿತ್ವಕ್ಕಾಗಿಯೇ ಆರ್ಸಾಂಕೋ ಅನ್ನುವ ಜಂಟಿ ಆಯೋಗ ಕಟ್ಟಿಕೊಂಡವು. ಆಗಿನ್ನೂ ಕ್ಲೀನ್ ವಾಟರ್ ಆಕ್ಟ್ ಬಂದಿರಲಿಲ್ಲ. ಮೇಲಿನ ಊರು ನಮಗೆ ಹೀಗೆ ಮಾಡಬಾರದು ಅಂತ ಬಯಸಿದರೆ, ಕೆಳಗಿನ ಊರಿಗೆ ನಾವೂ ಹಾಗೆ ಮಾಡಬಾರದು. ಇಷ್ಟೇ ತರ್ಕ. ಇದನ್ನು ಕಲಿಯಲು ಯಾವ ದೊಡ್ಡ ತತ್ವಜ್ಞಾನಿಯೂ ಬೇಕಿಲ್ಲ, ನಕ್ಷೆ ನೋಡಿದರೆ ಸಾಕು. ಮನೆಗೂ ಇದೇ ಅನ್ವಯ. ನನ್ನ ಸಿಂಕ್ ನನ್ನದು, ಸರಿ. ಸಿಂಕಿನ ತೂತು ದಾಟಿದ ನೀರು ನನ್ನದಲ್ಲ, ಆದರೆ ಅದರ ಹೊಣೆ ನನ್ನದೇ.

ಇನ್ನೊಂದು ವಿಷಯ. ಊರಿನ ಸಂಸ್ಥೆಯೂ ಈ ಹೊಣೆಯಿಂದ ಹೊರಗಿಲ್ಲ. ಲೂಯಿವಿಲ್‌ನ ಹಳೇ ಭಾಗದಲ್ಲಿ ಮಳೆನೀರು, ಕೊಳಚೆ ಎರಡೂ ಒಂದೇ ಕೊಳವೆಯಲ್ಲಿ ಹೋಗುತ್ತವೆ. ಜೋರು ಮಳೆ ಬಂದರೆ ಕೊಳವೆ ತುಂಬಿ ನದಿಗೂ ಬೇರ್‌ಗ್ರಾಸ್ ಹಳ್ಳಕ್ಕೂ ಉಕ್ಕಿ ಹರಿಯುತ್ತಿತ್ತು. 2005ರಲ್ಲಿ ಕೇಂದ್ರ ಸರ್ಕಾರ ಎಂಎಸ್‌ಡಿಯನ್ನು ನ್ಯಾಯಾಲಯದ ಕಟ್ಟುಪಾಡಿಗೆ ಒಳಪಡಿಸಿತು. ಅದರ ಫಲವಾಗಿ ಕಟ್ಟಿದ್ದೇ ನೆಲದಡಿಯ ನಾಲ್ಕು ಮೈಲಿ ಉದ್ದ, 20 ಅಡಿ ಅಗಲದ ಸುರಂಗ. 2022ರಲ್ಲಿ ಶುರುವಾದ ಅದು ಮಳೆ ಬಂದಾಗ 55 ಮಿಲಿಯನ್ ಗ್ಯಾಲನ್ ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಮನೆಯವರಿಗೆ ನಿಯಮ ಹೇಳುವ ಸಂಸ್ಥೆಯೂ ನಿಯಮ ಪಾಲಿಸಬೇಕು. ಇಲ್ಲದಿದ್ದರೆ ಅದು ಬರೀ ಉಪದೇಶ.

ಕೊಳವೆ ಇಲ್ಲದ ಕಡೆ ನಿಯಮ

ಇಲ್ಲಿಯವರೆಗೆ ನಾನು ನಿಯಮದ ಪರ ವಕೀಲನ ಥರ ಮಾತಾಡಿದೆ. ಈಗ ಅದರ ವಿರುದ್ಧದ ಸಾಕ್ಷಿಯನ್ನೂ ಕರೆಯಬೇಕು.

ಕೆಂಟಕಿಯಿಂದ ದಕ್ಷಿಣಕ್ಕೆ, ಅಲಬಾಮಾದಲ್ಲಿ ಲೌಂಡ್ಸ್ ಕೌಂಟಿ ಇದೆ. ಬಹುಪಾಲು ಕಪ್ಪು ಜನರು ಇರುವ, ಬಡತನದ ಗ್ರಾಮೀಣ ಪ್ರದೇಶ. ಅನೇಕ ಮನೆಗಳಿಗೆ ಊರಿನ ಚರಂಡಿ ಇಲ್ಲ. ಸೆಪ್ಟಿಕ್ ಟ್ಯಾಂಕ್ ಹಾಕಿಸಿಕೊಳ್ಳೋಣ ಅಂದರೆ ಅಲ್ಲಿನ ಜೇಡಿಮಣ್ಣು ನೀರನ್ನು ಇಂಗಿಸಿಕೊಳ್ಳಲ್ಲ. ಆ ಮಣ್ಣಿಗೆ ಹೊಂದುವ ವಿಶೇಷ ವ್ಯವಸ್ಥೆಗೆ ಸಾವಿರಾರು ಡಾಲರ್ ಬೇಕು. ಹಾಗಾಗಿ ಮನೆಯಿಂದ ಒಂದು ಕೊಳವೆ ಎಳೆದು ಹಿತ್ತಲಿಗೆ ಬಿಡುತ್ತಾರೆ. ಅದು ನಿಯಮಕ್ಕೆ ವಿರುದ್ಧ, ಅದಕ್ಕಾಗಿ ಅವರ ಮೇಲೆ ಕ್ರಿಮಿನಲ್ ಕ್ರಮದ ಬೆದರಿಕೆ ಇತ್ತು. ಅಲ್ಲಿಯವರೇ ಆದ ಕ್ಯಾಥರೀನ್ ಕೋಲ್‌ಮನ್ ಫ್ಲವರ್ಸ್ ಈ ಅನ್ಯಾಯವನ್ನು ದೇಶದ ಮುಂದೆ ತಂದರು. 2023ರಲ್ಲಿ ಅಮೆರಿಕದ ನ್ಯಾಯ ಇಲಾಖೆ ರಾಜ್ಯದ ಆರೋಗ್ಯ ಇಲಾಖೆಯ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಆ ಶಿಕ್ಷೆಗಳನ್ನು ನಿಲ್ಲಿಸಬೇಕು ಅಂತಾಯಿತು. 2025ರಲ್ಲಿ ಹೊಸ ಆಡಳಿತ ಆ ಒಪ್ಪಂದವನ್ನೇ ಕೊನೆಗೊಳಿಸಿತು.

ಕೆಳಗಿನವರಿಗೆ ಹಾನಿ ಮಾಡಬಾರದು ಅನ್ನುವ ತರ್ಕ ಇಲ್ಲಿ ತಪ್ಪಿದ್ದೆಲ್ಲಿ? ನನಗೆ ಕಾಣುವುದು ಇದು: ಚರಂಡಿ ನಿಯಮ ಒಂದು ಪರಸ್ಪರ ಮಾತು. ಊರು ಕೊಳವೆ ಕೊಡುತ್ತದೆ, ನಾನು ಅದನ್ನು ಹಾಳು ಮಾಡಲ್ಲ ಅಂತ ಒಪ್ಪುತ್ತೇನೆ. ಊರು ತನ್ನ ಪಾಲನ್ನು ಕೊಡದೆ ನನ್ನ ಪಾಲನ್ನು ಮಾತ್ರ ವಸೂಲು ಮಾಡಿದರೆ ಶಿಕ್ಷೆ ಆಗುವುದು ಬಡತನಕ್ಕೆ. ಲೌಂಡ್ಸ್‌ನ ಆ ಮನೆಯವರು ಯಾರಿಗೋ ಕೊಳೆ ದಾಟಿಸಿ ತಾವು ಶುಚಿಯಾಗಿ ಕೂತವರಲ್ಲ. ಅವರ ಮಕ್ಕಳು ಆಡುವುದೂ ಅದೇ ಹಿತ್ತಲಿನಲ್ಲಿ.

ನಮ್ಮ ಊರುಗಳಲ್ಲಿ

ಅಮೆರಿಕದ ಕಥೆ ಹೇಳಿ ಕರ್ನಾಟಕದ ಬಗ್ಗೆ ಸುಮ್ಮನಿದ್ದರೆ ಈ ಪ್ರಬಂಧ ಅರ್ಧವಾಗುತ್ತದೆ. ಮುಚ್ಚಳ ತೆಗೆಯುವವರು ಯಾರು ಅನ್ನುವ ಪ್ರಶ್ನೆ ಅಲ್ಲಿ ಇನ್ನೂ ನೇರವಾಗಿದೆ.

1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶಕ್ಕೆ ದಾರಿ ತೋರಿಸಿದ ಕೆಲಸ ಅದು. ಆದರೆ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ವಾಸದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಊರೆಲ್ಲ ಕಣ್ಣು ಮುಚ್ಚಿಕೊಂಡಿದ್ದನ್ನು ಅವರು ಎಲ್ಲರ ಕಣ್ಣೆದುರು ತಂದಿಟ್ಟರು. ಮಲ ಹೊರುವವರ ವಿಮೋಚನೆಗಾಗಿ ದುಡಿದು 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೆಜಿಎಫ್‌ನಲ್ಲಿ. ಗಣಿಯ ಚಿನ್ನದ ಕಥೆ ಸಿನಿಮಾದಿಂದ ಎಲ್ಲರಿಗೂ ಗೊತ್ತು, ಗಣಿ ಕಾಲೋನಿಯ ಕಕ್ಕಸುಗಳ ಕಥೆ ಕಡಿಮೆ ಜನಕ್ಕೆ ಗೊತ್ತು.

2013ರ ಕೇಂದ್ರ ಕಾನೂನು ರಕ್ಷಣೆಯಿಲ್ಲದೆ ಯಾರನ್ನೂ ಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವಂತಿಲ್ಲ ಅನ್ನುತ್ತದೆ. ಮೊದಲ ಸಲದ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂತು ಅಂದರೆ ಸಾವು ನಿಂತಿಲ್ಲ ಅಂತಲೇ ಅರ್ಥ. ಕೊಳೆತ ಚರಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ಇರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದಾಗ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಅಪಾಯ ಹೋಯಿತು ಅನ್ನಿಸುವ ಹೊತ್ತಿಗೆ ಅಪಾಯ ಕುತ್ತಿಗೆಗೆ ಬಂದಿರುತ್ತದೆ. ಒಬ್ಬನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಬರಲ್ಲ. ಅಮೆರಿಕದಲ್ಲಿ ಇಂಥ ಜಾಗಕ್ಕೆ ಇಳಿಯುವ ಮೊದಲು ಗಾಳಿ ಪರೀಕ್ಷಿಸಬೇಕು, ಮೇಲೆ ಒಬ್ಬರು ಕಾವಲಿರಬೇಕು ಅನ್ನುವ ನಿಯಮ ಇದೆ. ಅದಕ್ಕೆ ಬೇಕಾದ ಯಂತ್ರ, ಹಣ, ಮತ್ತು ಆ ಕೆಲಸಕ್ಕೆ ಮರ್ಯಾದೆ, ಮೂರೂ ಜೊತೆಗಿದ್ದಾಗ ಮಾತ್ರ ನಿಯಮ ಕೆಲಸ ಮಾಡುತ್ತದೆ.

ಹಾಗೇ ಕೆಳಗಿನ ಊರಿನ ಮಾತು. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆಗೆ ಬೆಂಕಿ ಹತ್ತಿಕೊಂಡಿತು, 2017ರಲ್ಲಿ ಮತ್ತೆ ಹೊಗೆ ಎದ್ದಿತು. ಆ ನೊರೆಯಲ್ಲಿ ಊರಿನ ಬಟ್ಟೆ, ಪಾತ್ರೆ ತೊಳೆದ ಸೋಪಿನ ಪಾಲು ದೊಡ್ಡದು. ಈಗ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ಬರದ ಜಿಲ್ಲೆಯ ಕೆರೆ ತುಂಬಿದ್ದು ಸಣ್ಣ ಮಾತಲ್ಲ. ನೀರನ್ನು ಇನ್ನೂ ಒಂದು ಹಂತ ಹೆಚ್ಚು ಶುದ್ಧಿ ಮಾಡಬೇಕು ಅಂತ ಕೇಳುತ್ತಿರುವ ಅಲ್ಲಿನವರ ಆತಂಕವೂ ಸಣ್ಣ ಮಾತಲ್ಲ. ಭೂಗೋಳದಲ್ಲಿ ಕೋಲಾರ ಬೆಂಗಳೂರಿನ ಕೆಳಗಿನ ಊರಲ್ಲ. ಪಂಪಿನಿಂದ ಅದನ್ನು ಕೆಳಗಿನ ಊರು ಮಾಡಿದ್ದೇವೆ. ನಮ್ಮಲ್ಲಿ ಅನೇಕರ ಅಪ್ಪ ಅಮ್ಮ ಇರುವ, ನಾವೇ ಕೊಂಡುಕೊಂಡಿರುವ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಸಿಂಕ್‌ಗೂ ಕೋಲಾರದ ಕೊಳವೆಬಾವಿಗೂ ಈಗ ಸಂಬಂಧ ಇದೆ. ಅಲ್ಲಿನ ಸೊಸೈಟಿ ಮೀಟಿಂಗ್‌ನಲ್ಲಿ ಎಸ್‌ಟಿಪಿ ನಡೆಸೋದಕ್ಕೆ ಕರೆಂಟು ಖರ್ಚು ಜಾಸ್ತಿ ಅಂತ ಯಾರಾದರೂ ಹೇಳಿದಾಗ, ಇಲ್ಲಿಂದ ವಾಟ್ಸಾಪ್‌ನಲ್ಲಿ ವೋಟು ಹಾಕುವ ನಾವೂ ಮೇಲಿನ ಊರಿನವರೇ.

ಹಾಗಾದರೆ ಏನು ಮಾಡೋದು

ಮೊದಲಿನ ಪ್ರಶ್ನೆಗೆ ಬರೋಣ. ಕಾಣದ, ಅಳೆಯಲಾಗದ, ಗುರುತು ಸಿಗದ ಹಾನಿ ತಪ್ಪಾ? ತಪ್ಪು ಅಂತ ನನ್ನ ಅಭಿಪ್ರಾಯ. ಅದು ಕಾಣದಿರುವುದು ನಮಗೆ ಮಾತ್ರ, ಒಬ್ಬರಿಗೆ ಪೂರ್ತಿಯಾಗಿ ಕಾಣುತ್ತದೆ. ಮನಸ್ಸಾಕ್ಷಿ ಸಾಲದಾ ಅಂದರೆ, ಸಾಲದು. ಮನಸ್ಸಾಕ್ಷಿಗೆ ಎದುರಿಗೆ ಒಂದು ಮುಖ ಬೇಕು, ಕೊಳವೆ ಆ ಮುಖವನ್ನು ಮರೆಮಾಡುತ್ತದೆ. ನಿಯಮ ಆ ಮುಖವನ್ನು ನಮ್ಮ ಪರವಾಗಿ ನೆನಪಿಟ್ಟುಕೊಳ್ಳುತ್ತದೆ. ಯಾವ ಚರಂಡಿ ನಿಯಮ ಓದಿದರೂ ನಾನು ನೋಡುವುದು ಎರಡೇ: ಇದರಲ್ಲಿ ಮುಚ್ಚಳ ತೆಗೆಯುವವರು ಇದ್ದಾರಾ, ಮತ್ತು ನನ್ನಿಂದ ಕೇಳುವ ಮೊದಲು ಊರು ತನ್ನ ಪಾಲು ಕೊಟ್ಟಿದೆಯಾ.

ಮನೆಯ ಮಟ್ಟದಲ್ಲಿ ಮಾಡಬೇಕಾದದ್ದು ದೊಡ್ಡದೇನಲ್ಲ. ಕರಿದ ಎಣ್ಣೆ ಆರಿದ ಮೇಲೆ ಒಂದು ಡಬ್ಬಿಗೆ ತುಂಬಿ ಮುಚ್ಚಿ, ನಿಮ್ಮ ಊರಿನ ವ್ಯವಸ್ಥೆ ಹೇಳುವ ಕಡೆ ಕೊಡಿ. ಬಾಣಲೆಯನ್ನು ತೊಳೆಯುವ ಮೊದಲು ಕಾಗದದಲ್ಲಿ ಒರೆಸಿ. 'ಫ್ಲಶ್ ಮಾಡಬಹುದು' ಅಂತ ಬರೆದಿರುವ ವೈಪ್‌ಗಳನ್ನೂ ಕಸದ ಬುಟ್ಟಿಗೇ ಹಾಕಿ. ಗಣೇಶನ ಹಬ್ಬದಲ್ಲಿ ಬಕೆಟ್‌ನಲ್ಲಿ ವಿಸರ್ಜನೆ ಮಾಡುವವರು ಆ ಮಣ್ಣಿನ ನೀರನ್ನು ಸಿಂಕಿಗೋ ಕಮೋಡಿಗೋ ಸುರಿಯದೆ ಗಿಡದ ಬುಡಕ್ಕೆ ಹಾಕಿ. ಹಾಲ್ ಬಾಡಿಗೆಗೆ ತೆಗೆದುಕೊಂಡು ನೂರಾರು ಜನಕ್ಕೆ ರಾಜ್ಯೋತ್ಸವದ ಅಡುಗೆ ಮಾಡುವ ಕನ್ನಡ ಸಂಘದವರು, ಎಣ್ಣೆ ಎಲ್ಲಿಗೆ ಹೋಗಬೇಕು ಅಂತ ಮೆನು ತೀರ್ಮಾನಿಸುವಾಗಲೇ ಒಬ್ಬರಿಗೆ ಜವಾಬ್ದಾರಿ ಕೊಡಿ.

ಮಕ್ಕಳಿದ್ದರೆ ಇನ್ನೊಂದು ಕೆಲಸ. ನಿಮ್ಮ ಊರಿನ ನೀರು ಎಲ್ಲಿಂದ ಬರುತ್ತೆ, ಬಳಸಿದ ನೀರು ಎಲ್ಲಿಗೆ ಹೋಗುತ್ತೆ ಅಂತ ಅವರ ಜೊತೆ ಕೂತು ನಕ್ಷೆಯಲ್ಲಿ ಹುಡುಕಿ. ಕೆಳಗಿನ ಊರಿನ ಹೆಸರನ್ನು ಅವರ ಬಾಯಲ್ಲೇ ಹೇಳಿಸಿ. ಎಷ್ಟೋ ಊರುಗಳಲ್ಲಿ ಶುದ್ಧೀಕರಣ ಘಟಕವನ್ನು ನೋಡಲು ಸಾರ್ವಜನಿಕರಿಗೆ ಅವಕಾಶ ಇರುತ್ತದೆ, ಕೇಳಿ ನೋಡಿ, ಒಂದು ಶನಿವಾರ ಕರೆದುಕೊಂಡು ಹೋಗಿ. ಅಲ್ಲಿ ಕೆಲಸ ಮಾಡುವವರ ಜೊತೆ ಮಾತಾಡಿಸಿ.